ಮಾಯವಾದ ಸಾಲುಗಳು

ತಮ್ಮ ಆ ಲ್ಯಾಪ್‌ಟಾಪನ್ನು ನನ್ನ ಅಂಗಡಿಗೆ ತಂದ ದಿನ ಅದನ್ನು ಇಡಲು ಜಾಗವಿರಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ತುಂಬ ಒಂದು ಮದುವೆ ಮನೆಯವರ ರವಿಕೆಗಳಿದ್ದವು. ಅವನು ಅವನ್ನೆಲ್ಲ ಒಂದು ಬದಿಗೆ ಸರಿಸಿದ, ಇಸ್ತ್ರಿ ಪೆಟ್ಟಿಗೆಯ ವಯರನ್ನು ಕಿತ್ತು ತನ್ನದನ್ನು ಸಿಕ್ಕಿಸಿದ.

“ಇಸ್ತ್ರಿ ಪೆಟ್ಟಿಗೆ ತಣಿದರೆ ರವಿಕೆಗೆ ಇಸ್ತ್ರಿ ಹಾಕುದು ಯಾರು ಮಾರಾಯ? ನಿನ್ನ ಈ ಪೆಟ್ಟಿಗೆಯಾ?” ಎಂದೆ.

“ಇದೂ ಬಿಸಿ ಆಗ್ತದೆ ಅಕ್ಕ. ಸ್ವಲ್ಪ ಹೊತ್ತು ಇಟ್ಟರೆ ಇದರ ಬೆನ್ನಲ್ಲಿ ದೋಸೆ ಎರೆಯಬಹುದು,” ಎಂದ.

ಬೆಳ್ಳಾರೆಯಲ್ಲಿ ನನ್ನದು ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಒಂದು ಕೋಣೆ, ಅದರಾಚೆ ಅಡುಗೆಗೆ ಸ್ವಲ್ಪ ಜಾಗ. ನಾನೊಬ್ಬಳೇ ಇರುವುದರಿಂದ ಅಷ್ಟು ಸಾಕು. ಎಂಟನೆಯ ತರಗತಿಗೆ ಶಾಲೆ ಬಿಟ್ಟು ಹೊಲಿಗೆ ಕಲಿತೆ. ಬಿಡಿಸಿದವರು ಯಾರೂ ಇಲ್ಲ. ಗಣಿತದ ಮಾಸ್ಟ್ರಿಗೆ ಹೆದರಿ ನಾನೇ ಬಿಟ್ಟದ್ದು. ನನಗಿಂತ ತುಂಬ ಚಿಕ್ಕವನಾದ ತಮ್ಮ ಓದಿದ. ಕುಂಬ್ರದಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟುಕೊಂಡು, ಹೆಂಡತಿಯೊಂದಿಗೆ ಅಲ್ಲೇ ಮನೆ ಮಾಡಿದ್ದಾನೆ. ರಿಪೇರಿ ಅವನ ಹೊಟ್ಟೆಪಾಡು. ಮನಸ್ಸು ಇದ್ದದ್ದು ಬೇರೆ ಒಂದರ ಮೇಲೆ. ಮುಖ ನೋಡದ ಮೂರು ನಾಲ್ಕು ಜನ ಗೆಳೆಯರನ್ನು ಇಂಟರ್ನೆಟ್ಟಿನಲ್ಲಿ ಜೊತೆ ಮಾಡಿಕೊಂಡು ಅವನು ಏನನ್ನೋ ಕಟ್ಟುತ್ತಿದ್ದ. ಅದು ಏನೆಂದು ನಾನು ಆ ದಿನದ ತನಕ ಕೇಳಿರಲಿಲ್ಲ. ಕೇಳಿದರೂ ತಿಳಿಯುವುದಿಲ್ಲ ಎಂದುಕೊಂಡಿದ್ದೆ.

“ಇದು ಪ್ರೋಗ್ರಾಂ ಅಲ್ಲ ಅಕ್ಕ. ಪ್ರೋಗ್ರಾಂ ಬರೆಯುವ ಜಾಗ,” ಎಂದು ಅವನು ಸ್ಟೂಲು ಎಳೆದು ಕುಳಿತ. “ನಿನ್ನ ಈ ಮೇಜು, ಮೆಷಿನು ಉಂಟಲ್ಲ, ಹಾಗೆ. ರವಿಕೆ ನೀನು ಹೊಲಿಯುದು. ಮೇಜು, ಮೆಷಿನು ಕೊಡುದು ನಾವು.”

“ಮೇಜು ಎಲ್ಲ ಕಡೆ ಸಿಗ್ತದಲ್ಲ. ಹೊಸ ಮೇಜು ಯಾಕೆ?”

“ನಿನ್ನ ಮೆಷಿನಿಗೆ ಜಿಪ್ ಹೊಲಿಯುವಾಗ ಬೇರೆ ಪಾದ ಹಾಕ್ತಿ ಅಲ್ವಾ? ಅಂಚಿಗೆ ಬಳ್ಳಿ ಇಡುವಾಗ ಬೇರೆ. ಮೆಷಿನು ಒಂದೇ. ಇದೂ ಹಾಗೆ. ಯಾರಿಗೆ ಎಂತ ಬೇಕೋ ಆ ತುಂಡನ್ನು ಅವರೇ ಮಾಡಿ ಇದಕ್ಕೆ ಸೇರಿಸಬಹುದು. ಶಾಲೆಯ ಮಕ್ಕಳಿಗೆ ಬೇಕಾದ್ದು ಅವರಿಗೆ, ಟೈಲರಿಗೆ ಬೇಕಾದ್ದು ಟೈಲರಿಗೆ.”

“ಮುಗಿದಿದೆಯಾ ಇದು?”

“ಎಲ್ಲಿ ಮುಗಿಯುದು! ಇದು ಇನ್ನೂ ಕಚ್ಚಾ ಹೊಲಿಗೆ. ನೀನು ಹಾಕಿ ನೋಡಿ, ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ಹೇಳ್ಬೇಕು. ಆಮೇಲೆ ಊರಿಗೆ ಬಿಡುದು.”

ನನಗೆ ನಗು ಬಂತು. ಕಂಪ್ಯೂಟರ್ ಗೊತ್ತಿದ್ದವರನ್ನೆಲ್ಲ ಬಿಟ್ಟು ನನ್ನ ಹತ್ತಿರ ಯಾಕೆ ತಂದೆ ಎಂದು ಕೇಳಿದೆ. ಅವನು ಕೊಟ್ಟ ಉತ್ತರವನ್ನು ನಾನು ಮರೆತಿಲ್ಲ.

“ಗೊತ್ತಿದ್ದವರು ಗುಂಡಿ ಕಂಡರೆ ಸುತ್ತು ಹಾಕಿ ಹೋಗ್ತಾರೆ. ನೀನು ಬೀಳ್ತಿ. ಬಿದ್ದದ್ದನ್ನು ಹೇಳ್ತಿ ಸಹ. ನಿನಗೆ ಆ ಸಂಕಟ ಗೊತ್ತುಂಟಲ್ಲ.”

ಆ ಸಂಕಟ ಯಾವುದೆಂದರೆ, ನಮ್ಮ ಕಡೆಯ ಹೆಂಗಸರು ಹೊಲಿಗೆಯಲ್ಲಿ ತಪ್ಪಿದ್ದರೆ ಮುಖಕ್ಕೆ ಹೇಳುವುದಿಲ್ಲ. ಕಚ್ಚಾ ಹೊಲಿಗೆ ಹಾಕಿದ ರವಿಕೆ ತೊಟ್ಟು ಕನ್ನಡಿಯ ಮುಂದೆ ನಿಲ್ಲುತ್ತಾರೆ. ಕಂಕುಳಲ್ಲಿ ಎಳೆದು ಕೈ ಎತ್ತಲು ಆಗದಿದ್ದರೂ “ಲಾಯ್ಕುಂಟು” ಎನ್ನುತ್ತಾರೆ. ಇಷ್ಟು ಕಷ್ಟಪಟ್ಟು ಹೊಲಿದಿದ್ದಾಳೆ, ಹೇಳಿದರೆ ಬೇಸರ ಮಾಡಿಕೊಂಡಾಳು ಎಂಬ ಮರ್ಯಾದೆ. ನಾನು ನಂಬಿ ಗಟ್ಟಿ ಹೊಲಿಗೆ ಹಾಕುತ್ತೇನೆ. ಅವರು ತೆಗೆದುಕೊಂಡು ಹೋಗಿ ಸುಳ್ಯದಲ್ಲಿ ಬೇರೆ ಯಾರಿಂದಲೋ ಬಿಚ್ಚಿಸಿ ಹೊಲಿಸುತ್ತಾರೆ. ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಹೀಗೆ ಹೋದವರು ಎಷ್ಟೋ ಜನ. ಅವರಲ್ಲಿ ಒಬ್ಬರಾದರೂ “ಇಲ್ಲಿ ಬಿಗಿ ಆಯ್ತು ಮಾರಾಯ್ತಿ” ಎಂದಿದ್ದರೆ ಸಾಕಿತ್ತು. ಇದನ್ನು ನಾನು ತಮ್ಮನ ಹತ್ತಿರ ಹೇಳಿಕೊಂಡು ಬೈದದ್ದು ಒಂದೆರಡು ಸಲವಲ್ಲ. ಅದಕ್ಕೇ ಅವನು ನನ್ನನ್ನು ಆರಿಸಿದ್ದ.

ನನಗಾಗಿ ಅವನು ಒಂದು ತುಂಡನ್ನೂ ಮಾಡಿ ತಂದಿದ್ದ. ಎದೆ, ಸೊಂಟ, ತೋಳಿನ ಅಳತೆ ಹಾಕಿ, ಬಟ್ಟೆಯ ಅಗಲ ಎಷ್ಟೆಂದು ಕೊಟ್ಟರೆ ಎಷ್ಟು ಉದ್ದದ ಬಟ್ಟೆ ಬೇಕೆಂದು ಹೇಳುವ ಲೆಕ್ಕ. ಅರ್ಧ ಬರೆದು ಅರ್ಧ ನನಗೆ ಬಿಟ್ಟಿದ್ದ. ಉದ್ದ ತೋಳಿನದ್ದು, ಹಿಂದೆ ಕೊಂಡಿ ಇರುವಂಥದ್ದು, ಒಳಗೆ ಅಸ್ತರು ಹಾಕುವಂಥದ್ದು, ಇವನ್ನೆಲ್ಲ ನಾನೇ ಸೇರಿಸಬೇಕು. ಹೇಗೆ ಬರೆಯುವುದೆಂದು ಒಂದು ಸಂಜೆ ಕುಳಿತು ತೋರಿಸಿದ. ಬರೆದದ್ದನ್ನು ಉಳಿಸುವ ವಿಚಾರ ಕೇಳಿದಾಗ, “ಅದರ ಮಂಡೆಬೆಚ್ಚ ನಿನಗೆ ಬೇಡ. ಅದೇ ಉಳಿಸಿಕೊಳ್ತದೆ,” ಎಂದ.

ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ ನಾನು ಬರೆಯತೊಡಗಿದೆ. ಒಂದೊಂದು ಅಕ್ಷರ ಹುಡುಕಿ ಒತ್ತಬೇಕಿತ್ತು. ಶಾಲೆ ಬಿಟ್ಟ ಮೇಲೆ ನಾನು ಬರೆದದ್ದೆಂದರೆ ಬಟ್ಟೆಗೆ ಸಿಕ್ಕಿಸುವ ಅಳತೆ ಚೀಟಿ ಮಾತ್ರ. ಉದ್ದ ತೋಳಿಗಾಗಿ ನಾನು ಬರೆದ ಮೂರು ಸಾಲು ಸರಿಯಾಗಿ ಲೆಕ್ಕ ಕೊಟ್ಟಾಗ ಎದುರಿನ ಬೇಕರಿಯವರನ್ನು ಕರೆದು ತೋರಿಸಬೇಕೆನ್ನಿಸಿತು. ಕರೆಯಲಿಲ್ಲ. ಒಬ್ಬಳೇ ಮತ್ತೆ ಮತ್ತೆ ಬೇರೆ ಬೇರೆ ಅಳತೆ ಹಾಕಿ ನೋಡಿದೆ.

ತಪ್ಪಿದರೆ ಅದು ಕೆಂಪು ಅಕ್ಷರದಲ್ಲಿ ಏನೋ ಹೇಳುತ್ತಿತ್ತು. ಎಲ್ಲ ಇಂಗ್ಲಿಷು. ತಮ್ಮ ಬಂದಾಗ, “ಇದು ಬೈಯುದು ಎಂತ ಅಂತ ನನಗೆ ಗೊತ್ತಾಗ್ಬೇಡ್ವಾ? ಬೈಯುದಾದರೆ ಕನ್ನಡದಲ್ಲಿ ಬೈಲಿ,” ಎಂದೆ.

ಅವನು ಕುಳಿತಲ್ಲಿಂದ ಎದ್ದೇಬಿಟ್ಟ. “ಇದು! ಇದೇ ಬೇಕಿದ್ದದ್ದು. ನಮಗೆ ಯಾರಿಗೂ ಹೊಳೆಯಲೇ ಇಲ್ಲ ನೋಡು.” ಚಹಾ ಅರ್ಧ ಬಿಟ್ಟು ಬೈಕು ಹತ್ತಿದ. ಆಮೇಲೆ ಎಷ್ಟೋ ದಿನ ಅವನು ಬರಲಿಲ್ಲ. ಫೋನು ಮಾಡಿದರೆ, “ಅದೇ ಕನ್ನಡದ ತುಂಡು ಮಾಡ್ತಾ ಇದ್ದೇನೆ ಅಕ್ಕ, ಆಮೇಲೆ ಮಾತಾಡುವಾ,” ಎನ್ನುತ್ತಿದ್ದ.

ಬೆಳ್ಳಾರೆಯಲ್ಲಿ ಸಂಜೆಯ ಬಸ್ಸುಗಳು ಹೋದ ಮೇಲೆ ಪೇಟೆ ಬೇಗ ಖಾಲಿಯಾಗುತ್ತದೆ. ಸಂತೆಯ ದಿನವಾದರೆ ಸ್ವಲ್ಪ ತಡ. ಅಂಗಡಿಯ ಬಾಗಿಲು ಅರ್ಧ ಎಳೆದು, ಹಿಂದಿನ ಕೋಣೆಗೆ ಹೋಗಿ ಒಬ್ಬಳಿಗೆ ಬೇಕಾದಷ್ಟು ಅನ್ನ ಮಾಡಿ ಉಣ್ಣುವುದು ನನಗೆ ಹೊಸತೇನೂ ಅಲ್ಲ. ಆದರೆ ಅವನು ಸಂಜೆ ಬಂದು ಕೂರುವ ರೂಢಿ ಶುರುವಾದ ಮೇಲೆ, ಬಾರದ ಸಂಜೆಗಳು ಬೇರೆಯಾಗಿಬಿಟ್ಟವು. ಬೇಕರಿಯಿಂದ ಎರಡು ಬನ್ಸು ತರಿಸಿಟ್ಟು, ಎರಡನ್ನೂ ಮರುದಿನ ಬೆಳಿಗ್ಗೆ ನಾನೇ ತಿಂದದ್ದುಂಟು. ಬಾ ಎಂದು ಫೋನಿನಲ್ಲಿ ಹೇಳಲು ಬಾಯಿ ಬರುತ್ತಿರಲಿಲ್ಲ. ಹೆಂಡತಿ, ಅಂಗಡಿ, ಅವನದೇ ಕೆಲಸ ಇದ್ದವನನ್ನು ಸುಮ್ಮನೆ ಕೂರಲು ಬಾ ಎಂದು ಹೇಗೆ ಕರೆಯುವುದು?

ಕನ್ನಡದ ತುಂಡು ಮುಗಿಸಿಕೊಂಡು ಅವನು ಮತ್ತೆ ಬಂದ. ಸೇರಿಸಿ ತೋರಿಸಿದ. “ಇಲ್ಲಿ ಒಂದು ಆವರಣ ಮುಚ್ಚಲು ಮರೆತಿದ್ದೀರಿ” ಎಂದು ಕೆಂಪು ಅಕ್ಷರದಲ್ಲಿ, ಕನ್ನಡದಲ್ಲಿ ಬಂತು. “ಬಹುವಚನ ಕೊಟ್ಟು ಬೈತದಲ್ಲ! ನಮ್ಮ ಗಣಿತದ ಮಾಸ್ಟ್ರಿಗಿಂತ ಒಳ್ಳೆಯದು,” ಎಂದೆ. ಇಬ್ಬರೂ ತುಂಬ ನಗಾಡಿದೆವು. ಅದರ ನಂತರ ಅವನು ಹೆಚ್ಚು ಕಡಿಮೆ ದಿನಾ ಬರುತ್ತಿದ್ದ. ತಪ್ಪೇನಾದರೂ ಸಿಕ್ಕಿತಾ ಎಂದು ಕೇಳುವನು. ಇಲ್ಲ ಎಂದರೆ ಹಗುರವಾಗಿ ಕಾಲು ಚಾಚಿ ಕೂರುವನು. ಊರಿನ ಸುದ್ದಿ, ಅವನ ಗಿರಾಕಿಗಳ ಕತೆ. ಇರುವೆ ಗೂಡು ಕಟ್ಟಿದ ಕಂಪ್ಯೂಟರ್ ತಂದು “ವೈರಸ್ ಬಂದಿದೆ” ಎಂದವನ ಕತೆಯನ್ನು ನನಗೆ ಎರಡು ಸಲ ಹೇಳಿದ. ಎರಡನೆಯ ಸಲವೂ ನಾನು ಮೊದಲು ಕೇಳಿದವಳಂತೆ ನಕ್ಕೆ.

ಒಂದು ದಿನ ಅವನು, “ಅಕ್ಕ, ಕನ್ನಡದ ತುಂಡನ್ನು ನೀನೇ ಒಮ್ಮೆ ತೆಗೆದು ಸೇರಿಸಿ ನೋಡು. ಪುತ್ತೂರಲ್ಲಿ ಟೀಚರುಗಳಿಗೆ ತೋರಿಸ್ಲಿಕ್ಕುಂಟು. ಅವರೇ ಸೇರಿಸುದು ಅಲ್ಲಿ,” ಎಂದ. ಪುತ್ತೂರು, ಸುಳ್ಯ, ಕಡಬದ ಶಾಲೆಗಳ ಕಂಪ್ಯೂಟರ್ ಟೀಚರುಗಳು ಒಂದು ದಿನದ ಮಟ್ಟಿಗೆ ಸೇರುವವರಿದ್ದರು. ಅವರಿಗೆ ಹಿಡಿಸಿದರೆ ಮಕ್ಕಳ ಕೈಗೆ ಹೋಗುತ್ತದೆ. ಹಿಡಿಸದಿದ್ದರೆ, ಮತ್ತೊಮ್ಮೆ ಅವರನ್ನು ಒಟ್ಟು ಸೇರಿಸುವುದು ರಿಪೇರಿ ಅಂಗಡಿಯವನಿಂದ ಆಗುವ ಮಾತಲ್ಲ. ಇಷ್ಟು ಕಾಲ ಕಟ್ಟಿದ್ದೆಲ್ಲ ಆ ಒಂದು ದಿನದ ಮೇಲೆ ನಿಂತಿದೆ ಎಂದು ಅವನೇ ನನಗೆ ಬಿಡಿಸಿ ಹೇಳಿದ್ದ.

ಮರುದಿನ ಮಧ್ಯಾಹ್ನ ಕನ್ನಡದ ತುಂಡನ್ನು ತೆಗೆದಿಟ್ಟು, ಅಸ್ತರಿನ ಲೆಕ್ಕಕ್ಕೆ ಒಂದಷ್ಟು ಹೊಸ ಸಾಲು ಬರೆದೆ. ಬರೆದು ಮುಗಿಸಿ ತುಂಡನ್ನು ಸೇರಿಸಿದೆ. ಪರದೆ ಒಮ್ಮೆ ಮುಚ್ಚಿ ತೆರೆಯಿತು. “ಸ್ವಾಗತ” ಎಂದಿತು. ಹಳೆಯ ಸಾಲುಗಳ ಕೆಳಗೆ ಬಿಳಿ. ಹೊಸ ಸಾಲುಗಳು ಎಲ್ಲೂ ಇರಲಿಲ್ಲ.

ಏನೋ ಒತ್ತಬಾರದ್ದನ್ನು ಒತ್ತಿದೆ ಎಂದುಕೊಂಡೆ. ಎಂಟನೆಯ ತರಗತಿಯವಳ ಕೈಯಲ್ಲಿ ಕೊಟ್ಟರೆ ಇನ್ನೇನಾದೀತು ಎಂದು ನನ್ನನ್ನೇ ಬೈದುಕೊಂಡೆ. ಸಂಜೆಯೊಳಗೆ ನೆನಪಿದ್ದಷ್ಟನ್ನು ಮತ್ತೆ ಬರೆದಿಟ್ಟೆ. ಆ ದಿನ ಅವನಿಗೆ ಹೇಳದ್ದು ನಾಚಿಕೆಯಿಂದ. ಅದನ್ನು ನಾನು ದೊಡ್ಡ ತಪ್ಪೆಂದು ಈಗಲೂ ಎಣಿಸುವುದಿಲ್ಲ.

ಆದರೆ ಎರಡು ದಿನ ಬಿಟ್ಟು ಪುನಃ ಅದೇ ಆಯಿತು. ಆಗ ಅನುಮಾನ ಬಂತು. ಬೇಕೆಂದೇ ಎರಡೇ ಎರಡು ಸಾಲು ಬರೆದು, ಬೇರೆ ಯಾವುದಕ್ಕೂ ಕೈ ತಾಗಿಸದೆ, ತುಂಡನ್ನು ತೆಗೆದು ಸೇರಿಸಿದೆ. ಎರಡೂ ಸಾಲು ಹೋದವು. ಮತ್ತೊಮ್ಮೆ ಮಾಡಿದೆ. ಮತ್ತೆ ಹೋದವು. ತಪ್ಪು ನನ್ನ ಕೈಯದಲ್ಲ, ಅದರದೇ ಎಂದು ಆಗ ನನಗೆ ಸ್ಪಷ್ಟವಾಗಿ ತಿಳಿಯಿತು. ತಿಳಿಯದೆ ಹೇಳಲಿಲ್ಲ ಎನ್ನುವ ಹಾಗಿಲ್ಲ.

ಆ ಸಂಜೆ ಅವನು ಬಂದ. ಹೆಲ್ಮೆಟ್ಟು ತೆಗೆಯುತ್ತಲೇ ಕೇಳಿದ: “ಎಂತಾದರೂ ಸಿಕ್ಕಿತಾ ಅಕ್ಕ?”

ನಾನು ಬನ್ಸಿನ ಪೊಟ್ಟಣ ಬಿಚ್ಚುತ್ತಿದ್ದೆ. ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಈ ಕ್ಷಣವೇ ಹೆಲ್ಮೆಟ್ಟು ತಿರುಗಿ ತಲೆಗೆ ಹೋಗುತ್ತದೆ. ಇದು ಕೆಂಪು ಅಕ್ಷರದಂಥ ಸಣ್ಣ ಸಂಗತಿಯಲ್ಲ. ಪುತ್ತೂರಿನ ದಿನದ ವರೆಗೆ ಅವನ ಮುಖ ಕಾಣುವುದಿಲ್ಲ. ಇನ್ನೊಂದು ಸಂಜೆ ಕೂರಲಿ, ನಾಳೆ ಹೇಳುವಾ ಎಂದುಕೊಂಡೆ.

“ಎಂತ ಇಲ್ಲ. ಕೂತ್ಕೊ,” ಎಂದೆ.

ನಾಳೆ ಬಂತು. ನಾಳೆಯೂ ಅದನ್ನೇ ಹೇಳಿದೆ. ಒಮ್ಮೆ ಇಲ್ಲ ಎಂದ ಮೇಲೆ ಹೌದು ಎನ್ನುವುದು ಇನ್ನೂ ಕಷ್ಟವಾಯಿತು. ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಉತ್ತರವೆಲ್ಲಿ? ಅವನೂ ತನ್ನ ಕಂಪ್ಯೂಟರಿನಲ್ಲಿ ನೋಡಿಯೇ ಇರುತ್ತಾನೆ, ಓದಿದವರಿಗೆ ಗೊತ್ತಾಗದೆ ಇರುತ್ತದೆಯೇ, ಸರಿಮಾಡಿರುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ಸಂಜೆಗಳು ಚೆನ್ನಾಗಿದ್ದವು. ಅಷ್ಟು ಚೆನ್ನಾಗಿದ್ದ ಸಂಜೆಗಳು ನನಗೆ ಆಮೇಲೆ ಸಿಕ್ಕಿಲ್ಲ.

ಪುತ್ತೂರಿಗೆ ನನ್ನನ್ನೂ ಕರೆದುಕೊಂಡು ಹೋದ. ಒಂದು ಶಾಲೆಯ ಕಂಪ್ಯೂಟರ್ ಕೋಣೆ. ಟೀಚರುಗಳ ಮುಂದೆ ನನ್ನನ್ನು ನಿಲ್ಲಿಸಿ, “ಇವರು ನನ್ನ ಅಕ್ಕ. ಓದಿದ್ದು ಎಂಟನೆಯ ತರಗತಿ, ಟೈಲರಿಂಗ್ ಮಾಡುದು. ಇದನ್ನು ಮೊದಲು ಉಪಯೋಗಿಸಿ ನೋಡಿದವರು ಇವರು,” ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಸೆರಗಿನ ತುದಿ ಹಿಡಿದುಕೊಂಡು ಹಿಂದಿನ ಬೆಂಚಿಗೆ ಹೋಗಿ ಕುಳಿತೆ.

ಬೆಳಗ್ಗೆಯೆಲ್ಲ ಚೆನ್ನಾಗಿ ಹೋಯಿತು. ಒಬ್ಬೊಬ್ಬರೂ ತಮ್ಮ ಪಾಠಕ್ಕೆ ಬೇಕಾದ ಚಿಕ್ಕ ಚಿಕ್ಕ ಪ್ರೋಗ್ರಾಂ ಬರೆದರು. ಒಬ್ಬರು ಮಗ್ಗಿಯದ್ದು, ಒಬ್ಬರು ಮಾರ್ಕಿನದ್ದು. ಅದೇ ಉಳಿಸಿಕೊಳ್ತದೆ ಎಂದು ತಮ್ಮ ಅವರಿಗೂ ಹೇಳಿದ್ದ. ಚಹಾ ಕುಡಿದು ಬಂದ ಮೇಲೆ ತಮ್ಮ ನಗುತ್ತಾ, “ಈಗ ಇದಕ್ಕೆ ಕನ್ನಡ ಕಲಿಸುವಾ. ಎಲ್ಲರೂ ಆ ತುಂಡನ್ನು ಸೇರಿಸಿ,” ಎಂದ. ನಾನು ನೆಲ ನೋಡಿದೆ. ಆಗಲಾದರೂ ಎದ್ದು “ತಡೆ” ಎನ್ನಬಹುದಿತ್ತು. ಎದ್ದೇಳಲಿಲ್ಲ.

ಸಾಲು ಸಾಲಾಗಿ ಪರದೆಗಳು ಮುಚ್ಚಿ ತೆರೆದವು.

“ಇದೆಂತ ಮಾರಾಯ್ರೆ, ನನ್ನದು ಎಲ್ಲಿ ಹೋಯ್ತು?”

“ನನ್ನದೂ ಇಲ್ಲ.”

“ಕನ್ನಡ ಬಂತು, ಪಾಠ ಹೋಯ್ತು!” ಎಂದರು ಮಗ್ಗಿ ಬರೆದ ಮೇಷ್ಟ್ರು. ಕೆಲವರು ನಕ್ಕರು. ಕೆಲವರು ನಗಲಿಲ್ಲ.

ತಮ್ಮ ತನ್ನ ಲ್ಯಾಪ್‌ಟಾಪಿನಲ್ಲಿ ಅಲ್ಲೇ ಮಾಡಿ ನೋಡಿದ. ಅವನದ್ದು ಹೋಗಲಿಲ್ಲ. ಇನ್ನೊಮ್ಮೆ ಮಾಡಿದ. ಹೋಗಲಿಲ್ಲ. ಆಗ ಅವನು ತಲೆ ಎತ್ತಿ ಕೋಣೆಯ ಕೊನೆಯಲ್ಲಿ ಕುಳಿತ ನನ್ನನ್ನು ಹುಡುಕಿದ.

“ಅಕ್ಕ, ನಿನಗೆ ಯಾವಾಗಾದರೂ ಹೀಗೆ ಆದದ್ದುಂಟಾ?”

ಎಲ್ಲರೂ ತಿರುಗಿ ನೋಡಿದರು.

“ಇಲ್ಲ,” ಎಂದೆ.

ಅವನು ನಂಬಿದ. “ಹಾಗಾದರೆ ಇಲ್ಲಿಯ ಸಿಸ್ಟಮುಗಳದ್ದೇ ಏನೋ ತೊಂದರೆ ಇರಬೇಕು,” ಎಂದ. ಆ ಶಾಲೆಯ ಮೇಷ್ಟ್ರಿಗೆ ಸಿಟ್ಟು ಬಂತು. “ನಮ್ಮ ಸಿಸ್ಟಮಿಗೆ ಎಂತ ಆಗಿದೆ? ನಿನ್ನೆಯ ತನಕ ಸರಿ ಇತ್ತಲ್ಲ,” ಎಂದರು. ನನ್ನ ಮುಂದಿನ ಬೆಂಚಿನಲ್ಲಿದ್ದ ಕಡಬದ ಒಬ್ಬ ಟೀಚರಮ್ಮ ತಮ್ಮಷ್ಟಕ್ಕೇ, “ನಾನೇ ಎಂತದೋ ಒತ್ತಿದೆ ಕಾಣ್ತದೆ,” ಎಂದುಕೊಂಡರು. ಊಟದ ನಂತರ ಅರ್ಧದಷ್ಟು ಜನ ಹೊರಟುಹೋದರು. ಬೈಕಿನಲ್ಲಿ ಬೆಳ್ಳಾರೆಗೆ ಮರಳಿದೆವು. ನನ್ನನ್ನು ಅಂಗಡಿಯ ಮುಂದೆ ಇಳಿಸಿ, “ನೀನು ಊಟ ಸರಿ ಮಾಡಿದ್ದೀಯಲ್ಲ?” ಎಂದು ಮಾತ್ರ ಕೇಳಿದ.

ಅದಾದ ಮೇಲೆ ಅವನು ಬರುವುದು ನಿಂತಿತು. ಪುತ್ತೂರಿನ ಆ ಶಾಲೆಯಿಂದ ಒಂದು ಹಳೆಯ ಕಂಪ್ಯೂಟರನ್ನು ಬೇಡಿ ತಂದು ಬಿಚ್ಚಿ ನೋಡುತ್ತಿದ್ದಾನೆಂದು ಅವನ ಹೆಂಡತಿ ಫೋನಿನಲ್ಲಿ ಹೇಳಿದಳು. “ಅನ್ನ ಬಡಿಸಿದರೆ ಅದರ ಮುಂದೆಯೇ ತಟ್ಟೆ ಇಟ್ಕೊಂಡು ಕೂರ್ತಾರೆ ಅತ್ತಿಗೆ. ಕೇಳಿದರೆ, ತೊಂದರೆ ನಮ್ಮದ್ದಲ್ಲ, ನಮ್ಮದ್ದಾಗಿದ್ದರೆ ಅಕ್ಕನಿಗೆ ಮೊದಲೇ ಆಗ್ಬೇಕಿತ್ತು ಅಂತಾರೆ.” ಕಂಪ್ಯೂಟರಿನಲ್ಲಿ ಸಿಗಲಿಲ್ಲ. ಕರೆಂಟು ಏರಿಳಿದದ್ದರಿಂದ ಎಂದುಕೊಂಡ. ಅದೂ ಅಲ್ಲವೆಂದಾಯಿತು. ಜೊತೆಯ ಗೆಳೆಯರಲ್ಲಿ ಇಬ್ಬರು ನಮಗೆ ಸಾಕಾಯಿತು ಎಂದು ಬಿಟ್ಟರು. ಕೊನೆಗೆ ಒಂದು ದಿನ ಅವಳು, “ಎಲ್ಲ ಬುಡದಿಂದ ಬಿಚ್ಚಿ ಹೊಸತಾಗಿ ಕಟ್ಟುದಂತೆ. ಅದಾಗದಿದ್ದರೆ ಇನ್ನು ಇದರ ಸುದ್ದಿಯೇ ಬೇಡ ಅಂತ ಹೇಳಿದ್ರು,” ಎಂದಳು.

ಫೋನು ಇಟ್ಟು ನಾನು ಕತ್ತರಿಸಲೆಂದು ಹಾಸಿದ ಬಟ್ಟೆಯನ್ನು ಮಡಚಿಟ್ಟೆ. ಲ್ಯಾಪ್‌ಟಾಪನ್ನು ಒಂದು ಟವೆಲಿನಲ್ಲಿ ಸುತ್ತಿ ಚೀಲದಲ್ಲಿ ಹಾಕಿಕೊಂಡು ಕುಂಬ್ರದ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ಗಡ್ಡ ಬಿಟ್ಟಿದ್ದ. ನನ್ನನ್ನು ನೋಡಿ ಎದ್ದು ಕುರ್ಚಿ ಖಾಲಿ ಮಾಡಿದ. “ಎಂತ ಅಕ್ಕ, ಹೀಗೆ ಹೇಳದೆ ಕೇಳದೆ?”

“ಆದದ್ದುಂಟು,” ಎಂದೆ.

“ಎಂತ ಆದದ್ದು?”

“ಪುತ್ತೂರಲ್ಲಿ ಆಯ್ತಲ್ಲ, ಅದು. ನನಗೂ ಆಗಿತ್ತು. ಅದಕ್ಕಿಂತ ಮೊದಲೇ.”

ಅವನು ಸಿಟ್ಟು ಮಾಡುತ್ತಾನೆಂದುಕೊಂಡಿದ್ದೆ. ಮಾಡಲಿಲ್ಲ. ವೈದ್ಯರು ಕೇಳುವ ಹಾಗೆ ಕೇಳತೊಡಗಿದ. ಯಾವಾಗ, ಏನು ಬರೆದಿದ್ದೆ, ಯಾವುದನ್ನು ಮೊದಲು ಒತ್ತಿದೆ. ಕೊನೆಗೆ, “ತೋರಿಸು,” ಎಂದ.

ಟವೆಲು ಬಿಚ್ಚಿ ಲ್ಯಾಪ್‌ಟಾಪ್ ತೆರೆದೆ. ಎರಡು ಸಾಲು ಬರೆದೆ. ತುಂಡನ್ನು ತೆಗೆದು ಸೇರಿಸಿದೆ. ಸ್ವಾಗತ. ಬಿಳಿ.

ಅವನು ಪರದೆಯನ್ನು ನೋಡುತ್ತಿರಲಿಲ್ಲ. ನನ್ನ ಬೆರಳುಗಳನ್ನು ನೋಡುತ್ತಿದ್ದ.

“ನೀನು ಸೇವ್ ಒತ್ತುದಿಲ್ಲ,” ಎಂದ.

“ಒತ್ತುದು ಬೇಡ, ಅದೇ ಉಳಿಸಿಕೊಳ್ತದೆ ಅಂತ ನೀನೇ ಹೇಳಿದ್ದಲ್ವಾ.”

ಅವನು ತನ್ನ ಕಂಪ್ಯೂಟರಿಗೆ ತಿರುಗಿ ಎರಡು ಸಾಲು ಬರೆದ. ಬರೆಯುತ್ತಿದ್ದಂತೆ ಅವನ ಎಡಗೈಯ ಎರಡು ಬೆರಳು ತಾವೇ ಹೋಗಿ ಸೇವ್ ಒತ್ತಿ ಬಂದವು. ಅದು ವರ್ಷಗಳ ಅಭ್ಯಾಸ. ಒತ್ತುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ಕೈಯನ್ನು ಹಿಂದಕ್ಕೆ ಇಟ್ಟುಕೊಂಡು, ಒತ್ತದೆ ಮಾಡಿ ನೋಡಿದ. ಅವನದ್ದೂ ಹೋಯಿತು. ಹೊಸ ತುಂಡು ಸೇರುವಾಗ ಅದು ಒಮ್ಮೆ ಮುಚ್ಚಿ ತೆರೆಯಬೇಕು. ನಾವು ಮುಚ್ಚುವಾಗ ತಾನಾಗಿ ಉಳಿಸುತ್ತಿದ್ದದ್ದು, ತುಂಡಿಗಾಗಿ ಮುಚ್ಚುವ ಅವಸರದಲ್ಲಿ ಆ ಕೆಲಸವನ್ನು ಮರೆಯುತ್ತಿತ್ತು. ಇಷ್ಟೇ.

ಅದನ್ನು ಸರಿಮಾಡಲು ಅವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ನಾನು ಸ್ಟೂಲಿನಲ್ಲಿ ಕುಳಿತಿದ್ದೆ. ರಸ್ತೆಯಲ್ಲಿ ಬೆಳ್ಳಾರೆಯ ಬಸ್ಸೊಂದು ಬಂದು ನಿಂತು ಹೋಯಿತು. ಎಲ್ಲ ಮುಗಿದ ಮೇಲೆ, ನನ್ನ ಕಡೆ ತಿರುಗದೆಯೇ ಕೇಳಿದ: “ಯಾಕೆ ಹೇಳ್ಲಿಲ್ಲ?”

“ಹೇಳಿದರೆ ನೀನು ಎದ್ದು ಹೋಗ್ತಿ ಅಂತ.”

ಅವನಿಗೆ ತಿಳಿಯಲಿಲ್ಲ. ಪುನಃ ಹೇಳಬೇಕಾಯಿತು. ತಪ್ಪು ಸಿಕ್ಕಿದರೆ ನೀನು ಬರುವುದು ನಿಲ್ಲುತ್ತದೆ, ಸಿಗದಿದ್ದರೆ ಬಂದು ಕೂರುತ್ತೀ, ಅದಕ್ಕೆ ಎಂದು ಬಿಡಿಸಿ ಹೇಳಿದೆ. ಹೇಳುವಾಗ ಅದು ಎಷ್ಟು ಸಣ್ಣ ಕಾರಣವಾಗಿ ಕೇಳಿಸಿತೆಂದರೆ, ಇನ್ನೂ ಏನಾದರೂ ದೊಡ್ಡದು ಸೇರಿಸೋಣವೆಂದು ಹುಡುಕಿದೆ. ಇರಲಿಲ್ಲ.

“ಬಾ ಅಂತ ಹೇಳಿದ್ದರೆ ಬರ್ತಿದ್ದೆ ಅಕ್ಕ,” ಎಂದ.

ಆಮೇಲೆ ನನ್ನ ಕಡೆ ತಿರುಗಿ, “ಮೊದಲಿನದ್ದು ಹೋಗ್ಲಿ. ಪುತ್ತೂರಲ್ಲಿ ಎಲ್ಲರ ಮುಂದೆ ಕೇಳಿದೆನಲ್ಲ. ಆಗ?” ಎಂದ.

ನಾನು ಚೀಲ ಕೈಗೆತ್ತಿಕೊಂಡೆ. ಹೊರಡುವಾಗ ಲ್ಯಾಪ್‌ಟಾಪಿಗೆ ಕೈ ಹಾಕಿದೆ. “ಅದು ಇಲ್ಲೇ ಇರ್ಲಿ,” ಎಂದ. “ತಪ್ಪು ಹುಡುಕ್ಲಿಕ್ಕೆ ಇನ್ನು ಬೇರೆಯವರಿಗೆ ಕೊಡ್ತೇನೆ.” ಸ್ವರದಲ್ಲಿ ಸಿಟ್ಟಿರಲಿಲ್ಲ. ಟವೆಲನ್ನು ಮಡಚಿ ನನ್ನ ಚೀಲದಲ್ಲಿ ಅವನೇ ಹಾಕಿಕೊಟ್ಟ, ಬಸ್ಸಿನ ತನಕ ಬಂದು ಹತ್ತಿಸಿದ.

ಅವನು ಬುಡದಿಂದ ಬಿಚ್ಚಲಿಲ್ಲ. ಟೀಚರುಗಳನ್ನು ಒಬ್ಬೊಬ್ಬರನ್ನಾಗಿ ಹೋಗಿ ಕಂಡು, ತಪ್ಪು ನಮ್ಮದೇ ಎಂದು ಹೇಳಿ, ಸರಿಯಾದದ್ದನ್ನು ಕೊಟ್ಟು ಬಂದನಂತೆ. ಕೆಲವರು ತೆಗೆದುಕೊಂಡರು, ಹೆಚ್ಚಿನವರು ನೋಡುವಾ ಎಂದರು. ತಪ್ಪು ನಮ್ಮದು ಎಂದನೇ ಹೊರತು, ಅಕ್ಕ ಸುಳ್ಳು ಹೇಳಿದಳು ಎಂದು ಎಲ್ಲೂ ಹೇಳಲಿಲ್ಲ. ಇದನ್ನೆಲ್ಲ ನನಗೆ ತಿಳಿಸಿದ್ದು ಅವನ ಹೆಂಡತಿ. ಅವನು ಫೋನು ಮಾಡುತ್ತಾನೆ, ಆರೋಗ್ಯ ವಿಚಾರಿಸುತ್ತಾನೆ, ಹಬ್ಬಕ್ಕೆ ಬಾ ಎನ್ನುತ್ತಾನೆ. ಅವನು ಕಟ್ಟಿದ್ದರ ಮಾತು ನನ್ನ ಹತ್ತಿರ ತೆಗೆಯುವುದಿಲ್ಲ. ಕರೆದರೆ ಬರುತ್ತಿದ್ದೆ ಎಂದಿದ್ದನಲ್ಲ, ಆ ಮಾತು ಕೇಳಿದ ಮೇಲೆ ಕರೆಯಲು ನನಗೇ ಮುಖವಿಲ್ಲ.

ಈಚೆಗೆ ಕಡಬದ ಒಂದು ಶಾಲೆಯವರು ಸ್ಕೂಲ್ ಡೇಯ ಡ್ಯಾನ್ಸಿಗೆ ಮಕ್ಕಳ ಲಂಗ ಹೊಲಿಯಲು ನನಗೆ ಹೇಳಿದರು. ಅಳತೆ ತೆಗೆಯಲು ಬಸ್ಸು ಬದಲಾಯಿಸಿಕೊಂಡು ಹೋದೆ. ಅಳತೆ ಮುಗಿಸಿ ವರಾಂಡದಲ್ಲಿ ಬರುವಾಗ, ತೆರೆದ ಬಾಗಿಲಿನೊಳಗೆ ಪರದೆಯ ಮೇಲೆ ತಮ್ಮ ಕಟ್ಟಿದ್ದರ ಪರಿಚಯದ ಬಣ್ಣ ಕಂಡಿತು. ಬಾಗಿಲಲ್ಲೇ ನಿಂತೆ. ಒಳಗಿದ್ದ ಟೀಚರಮ್ಮ ನನ್ನನ್ನು ನೋಡಿ ನೆನಪು ಮಾಡಿಕೊಂಡರು.

“ನೀವು ಪುತ್ತೂರಲ್ಲಿ ಇದ್ದವರಲ್ವಾ? ಅವರ ಅಕ್ಕ? ಅವತ್ತು ನಿಮಗೆ ಮಾತ್ರ ಎಂತ ಆಗ್ಲಿಲ್ಲ ನೋಡಿ!” ಎಂದು ನಕ್ಕರು. “ನಾನು ಬಂದು ನಮ್ಮ ಹೆಡ್‌ಮಾಸ್ಟ್ರ ಹತ್ತಿರ, ನನ್ನ ಕೈಯಿಂದ ಎಂತದೋ ತಪ್ಪಾಯ್ತು ಅಂತ ಹೇಳಿದೆ. ನಿಮಗೆ ಕಂಪ್ಯೂಟರ್ ಪಾಠ ಕೊಟ್ಟದ್ದೇ ತಪ್ಪು ಅಂದ್ರು ಅವರು. ಆ ಇಡೀ ಟರ್ಮು ನನ್ನ ಮಂಡೆಯಲ್ಲಿ ಅದೇ.”

“ನಿಮ್ಮ ಕೈಯದ್ದಲ್ಲ ಟೀಚರ್. ನನಗೂ ಆಗಿತ್ತು. ನಾನು ಸುಳ್ಳು ಹೇಳಿದ್ದು,” ಎಂದೆ.

ಅವರ ನಗು ನಿಂತಿತು. ಬೈದಿದ್ದರೆ ನಿಂತು ಕೇಳುತ್ತಿದ್ದೆ. “ಹೌದಾ,” ಎಂದರು. ಮತ್ತೆ, “ಅವರು ಬಂದು ತಪ್ಪು ತಮ್ಮದೇ ಅಂತ ಹೇಳಿದ್ರು. ಸಮಾಧಾನಕ್ಕೆ ಹೇಳುದು ಅಂತ ನಾನು ನಂಬ್ಲಿಲ್ಲ,” ಎಂದರು.

ಈಗ ಒಮ್ಮೆ ಮಾಡಿ ತೋರಿಸುತ್ತೀರಾ ಎಂದು ಕೇಳಿದೆ. ಅವರು ಕುಳಿತು ನಾಲ್ಕು ಸಾಲು ಬರೆದರು, ಸೇವ್ ಒತ್ತದೆ ಕನ್ನಡದ ತುಂಡನ್ನು ತೆಗೆದು ಸೇರಿಸಿದರು. ಪರದೆ ಮುಚ್ಚಿ ತೆರೆಯಿತು. ನಾಲ್ಕೂ ಸಾಲು ಇದ್ದಲ್ಲೇ ಇದ್ದವು. ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡಿದೆವು. ಅಷ್ಟರಲ್ಲಿ ಗಂಟೆ ಹೊಡೆಯಿತು. ಅವರು ಕೋಣೆಗೆ ಬೀಗ ಹಾಕಿ ಇನ್ನೊಂದು ಕ್ಲಾಸಿಗೆ ಹೋದರು.

ಕಡಬದ ಬಸ್ಸು ನಿಲ್ದಾಣದಿಂದ ತಮ್ಮನಿಗೆ ಫೋನು ಮಾಡಿದೆ. ಆ ವಿಷಯವಾಗಿ ನಾನಾಗಿ ಮಾತೆತ್ತಿದ್ದು ಅದೇ ಮೊದಲು.

“ಕಡಬದ ಶಾಲೆಯಲ್ಲಿ ನೋಡಿದೆ. ಸಾಲು ಹೋಗುದಿಲ್ಲ ಈಗ,” ಎಂದೆ.

ಅವನ ಕಡೆ ಫ್ಯಾನು ತಿರುಗುವ ಸದ್ದು.

“ಎಷ್ಟು ಸಿಸ್ಟಮಿನಲ್ಲಿ ನೋಡಿದೆ?” ಎಂದ.

“ಒಂದರಲ್ಲಿ.”

“ಎಷ್ಟು ಸಲ?”

“ಒಂದೇ ಸಲ.”

“ಉಳಿದದ್ದರಲ್ಲಿ?”

ಎಲ್ಲ ಸರಿ ಇರಬೇಕು ಎಂದು ನಾಲಿಗೆಯ ತುದಿಯ ತನಕ ಬಂದಿತ್ತು. ಅವನು ಅದನ್ನು ಕೇಳಿದರೆ ಖುಷಿಪಡುತ್ತಿದ್ದ, ಇನ್ನೆರಡು ಮಾತು ಆಡುತ್ತಿದ್ದನೋ ಏನೋ.

“ಗೊತ್ತಿಲ್ಲ. ನೋಡ್ಲಿಲ್ಲ,” ಎಂದೆ.

“ಸರಿ,” ಎಂದ. ಫೋನು ಇಟ್ಟ.

ಬೆಳ್ಳಾರೆ ಕಡೆಯ ಬಸ್ಸು ಇನ್ನೂ ಬಂದಿರಲಿಲ್ಲ. ಮಕ್ಕಳ ಅಳತೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅಲ್ಲಿಯ ಸಿಮೆಂಟಿನ ಬೆಂಚಿ ಮೇಲೆ ಕುಳಿತೆ.